ಬೀಗದಿಂದ ನೀರಿನವರೆಗೆ

ಈಗ ಯಾರು ಬೇಕಾದರೂ ಹೇಳಿಬಿಡುತ್ತಾರೆ. ಮೊಬೈಲಿನಲ್ಲಿ ಒಂದು ವಿಮಾನ ನಿಲ್ದಾಣದ ಹೆಸರು ಮೇಲೆ, ಇನ್ನೊಂದರ ಹೆಸರು ಕೆಳಗೆ ಬರೆದು ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂದು ಕೂತಿರುತ್ತದೆ: ದೂರ ಒಂಬತ್ತು ಸಾವಿರದ ನಾನೂರು ಕಿಲೋಮೀಟರು, ಹಾರಾಟದ ಸಮಯ ಹನ್ನೊಂದೂವರೆ ಗಂಟೆ. ನಮ್ಮ ಅಕ್ಕನ ಮುಂದೆ ಯಾರಾದರೂ ಹೀಗೆ ಮೊಬೈಲ್ ಹಿಡಿದರೆ ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, "ಹೌದಾ? ಯಾವುದಾದ್ರೂ ಹಕ್ಕಿ ಸಿಕ್ಕಿದ್ರೆ ಹೇಳಿ, ಅದಕ್ಕೆ ಉಪಯೋಗ ಆಗುತ್ತೆ" ಅನ್ನುತ್ತಿದ್ದರು. ಆಮೇಲೆ ಟೇಬಲಿನ ಕೆಳಗಿನ ಖಾನೆಯಿಂದ ದಪ್ಪ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿ, "ನಿಮಗೆ ಇಪ್ಪತ್ತಾರು ಗಂಟೆ ಹಿಡಿಯುತ್ತೆ. ಜೊತೆಗೆ ಮಗು ಇದ್ರೆ ಇಪ್ಪತ್ತೆಂಟು" ಎಂದು ತೀರ್ಪು ಕೊಡುತ್ತಿದ್ದರು.

ಆ ಅಕ್ಕನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ. ಅವರೇನೂ ಪೇಪರಿನಲ್ಲಿ ಫೋಟೋ ಬರುವಂಥವರಲ್ಲ. ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ಮೂವತ್ತೊಂದು ವರ್ಷ ಕೂತು ಜನರಿಗೆ ವಿಮಾನದ ಟಿಕೆಟ್ ಮಾಡಿಕೊಟ್ಟವರು, ಅಷ್ಟೆ. ಅವರ ಪಕ್ಕದ ಟೇಬಲಿನಲ್ಲಿ ಹದಿನೇಳು ವರ್ಷ ಕೂತವಳು ನಾನು. ನಾವು ಒಡಹುಟ್ಟಿದವರಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಇಬ್ಬರು ಪ್ರಯಾಣಿಕರ ಟಿಕೆಟ್ ಅದಲುಬದಲು ಮಾಡಿ ಅಳುತ್ತ ಕೂತಾಗ, "ಅಳೋದನ್ನ ಊಟದ ಹೊತ್ತಿಗೆ ಇಟ್ಕೋ, ಈಗ ಇಬ್ಬರಿಗೂ ಫೋನ್ ಮಾಡು" ಎಂದವರನ್ನು ಅಕ್ಕ ಅನ್ನದೆ ಇನ್ನೇನು ಅನ್ನಲಿ?

ನಮ್ಮ ಆಫೀಸು ಮೂರನೆಯ ಮಹಡಿಯಲ್ಲಿತ್ತು. ನೆಲಮಹಡಿಯಲ್ಲಿ ಚಪ್ಪಲಿ ಅಂಗಡಿ, ಮಧ್ಯೆ ಕಣ್ಣಿನ ಡಾಕ್ಟರು ಮತ್ತು ಒಂದು ವಿಮೆ ಆಫೀಸು. ನಮ್ಮಲ್ಲಿ ನಾಲ್ಕು ಟೇಬಲು, ಎರಡು ಫೋನು, ಗೋಡೆಯ ತುಂಬ ವಿಮಾನ ಕಂಪನಿಯವರು ಕೊಟ್ಟ ಕ್ಯಾಲೆಂಡರುಗಳು. ಅಕ್ಕನ ಟೇಬಲಿನ ಮೇಲೆ ಮಾತ್ರ ಒಂದು ಭೂಗೋಳ. ಅದರ ಕಾಲಿಗೆ ಸುತ್ತಿಟ್ಟ ದಪ್ಪ ಕಪ್ಪು ದಾರ. ಅಕ್ಕನ ಗಂಡ ದರ್ಜಿ; ನಾವೆಲ್ಲ ಅವರನ್ನು ಭಾವ ಅನ್ನುತ್ತಿದ್ದೆವು. ಕೋಟಿನ ಗುಂಡಿ ಹೊಲಿಯುವ ಆ ದಾರಕ್ಕೆ ಸರಿಯಾಗಿ ಎರಡು ಸೆಂಟಿಮೀಟರಿಗೊಂದರಂತೆ ಗಂಟು ಹಾಕಿಕೊಟ್ಟವರು ಅವರೇ. ಭೂಗೋಳದ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಹಿಡಿದರೆ, ಒಂದು ಗಂಟಿನಿಂದ ಇನ್ನೊಂದಕ್ಕೆ ವಿಮಾನಕ್ಕೆ ಒಂದು ಗಂಟೆಯ ದಾರಿ. ಏರಿ ಇಳಿಯುವುದಕ್ಕೆಂದು ಅಕ್ಕ ಮೇಲೆ ಅರ್ಧ ಗಂಟೆ ಸೇರಿಸುತ್ತಿದ್ದರು. ಟಿಕೆಟಿಗೆ ಬಂದವರು ಗೋಡೆಯ ನಕ್ಷೆ ತೋರಿಸಿ "ವಿಮಾನ ನೆಟ್ಟಗೆ ಹೋಗೋದು ಬಿಟ್ಟು ಯಾಕೆ ಮೇಲೆ ಮೇಲೆ ಹೋಗುತ್ತೆ?" ಎಂದು ಕೇಳಿದರೆ, ಅಕ್ಕ ಬಾಯಿ ಬಿಡದೆ ದಾರ ಹಿಡಿದು ತೋರಿಸುತ್ತಿದ್ದರು. ಬಿಗಿ ಹಿಡಿದ ದಾರ ತಾನಾಗಿಯೇ ಮೇಲಕ್ಕೆ, ಹಿಮದ ಕಡೆಗೆ ಜಾರುತ್ತಿತ್ತು. ಕೇಳಿದವರ ಮುಖ ನೋಡಬೇಕಿತ್ತು ಆಗ.

ಇದೇನೋ ಆಟ, ಅಕ್ಕನ ನಿಜವಾದ ವಿದ್ಯೆ ಇದ್ದದ್ದು ಆ ಪುಸ್ತಕದಲ್ಲಿ. ಅದರಲ್ಲಿ ಒಂದೊಂದು ಪ್ರಯಾಣಕ್ಕೂ ನಾಲ್ಕು ಅಂಕಣ: ಪ್ರಯಾಣಿಕರು, ದೂರ, ಬೀಗ, ನೀರು. ಪ್ರಯಾಣ ಮುಗಿಸಿ ಬಂದವರು ಆ ಕಡೆ ರಸ್ತೆಯಲ್ಲಿ ಹೋಗುತ್ತಿದ್ದರೂ ಅಕ್ಕ ಕಿಟಕಿಯಿಂದ ಕೂಗಿ ಮೇಲಕ್ಕೆ ಕರೆಯುತ್ತಿದ್ದರು. ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. "ಮನೆಗೆ ಬೀಗ ಹಾಕಿದ್ದು ಎಷ್ಟು ಗಂಟೆಗೆ? ಹೋದ ಊರಲ್ಲಿ ಬಾಗಿಲ ಒಳಗೆ ಕಾಲಿಟ್ಟು ಮೊದಲನೇ ಲೋಟ ನೀರು ಕುಡಿದದ್ದು ಎಷ್ಟು ಗಂಟೆಗೆ?" ಇವೆರಡರ ನಡುವಿನದ್ದೇ ಪ್ರಯಾಣ ಎಂಬುದು ಅಕ್ಕನ ಕಾನೂನು. ಟ್ಯಾಕ್ಸಿಗೆ ಕಾದದ್ದು, ಸಾಲಿನಲ್ಲಿ ನಿಂತದ್ದು, ಪೆಟ್ಟಿಗೆ ಬರುವುದಕ್ಕೆ ಬೆಲ್ಟಿನ ಮುಂದೆ ಬಾಯಿ ಬಾಯಿ ಬಿಟ್ಟದ್ದು ಎಲ್ಲ ಅದರೊಳಗೆ ಬಂದಂತೆ. ಊರಿನವರೆಲ್ಲ ಅವರನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ನೀರು ಕುಡಿದ ಹೊತ್ತು ನೆನಪಿಲ್ಲ ಎಂದವರಿಗೆ ಮಾತ್ರ ಉಳಿಗಾಲವಿರಲಿಲ್ಲ. "ಅದೇನು ಜನಾನೋ! ಅಷ್ಟು ದೂರ ಹೋಗಿ ನೀರು ಕುಡಿದದ್ದು ನೆನಪಿಲ್ವಂತೆ" ಎಂದು ಅವರ ಎದುರಿಗೇ ಆಡಿಕೊಳ್ಳುತ್ತಿದ್ದರು, ಆ ಸಾಲಿನ ಕೊನೆಯ ಅಂಕಣ ಖಾಲಿ ಬಿಡುತ್ತಿದ್ದರು. ಅಂದಾಜಿನಲ್ಲಿ ಒಂದು ನಿಮಿಷವನ್ನೂ ತುಂಬಿದವರಲ್ಲ.

ಇಷ್ಟೆಲ್ಲ ಬಲ್ಲ ಅಕ್ಕ ತಾವು ಒಂದು ಸಲವೂ ವಿಮಾನ ಹತ್ತಿರಲಿಲ್ಲ. ಕಂಪನಿಯವರು ವರ್ಷಕ್ಕೊಂದು ಬಿಟ್ಟಿ ಟಿಕೆಟ್ ಕೊಟ್ಟರೆ ಅದನ್ನು ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. ಕಾರಣ ನಮಗೆಲ್ಲ ಗೊತ್ತಿತ್ತು. ಮುಚ್ಚಿದ ಬಾಗಿಲು ಕಂಡರೆ ಅವರಿಗೆ ಆಗದು. ಹೊರಗಿನಿಂದ ಇನ್ನೊಬ್ಬರು ತೆರೆಯುವವರೆಗೆ ಕಾಯಬೇಕಾದ ಬಾಗಿಲೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಹಾಗಾಗಿ ಮೂವತ್ತೊಂದು ವರ್ಷ ಮೂರು ಮಹಡಿ ಮೆಟ್ಟಿಲು ಹತ್ತಿದರೇ ಹೊರತು ಒಂದು ದಿನವೂ ಲಿಫ್ಟಿಗೆ ಕಾಲಿಡಲಿಲ್ಲ. ಪಾಸ್‌ಪೋರ್ಟ್ ಮಾತ್ರ ಇತ್ತು. ಅವಧಿ ಮುಗಿದಾಗಲೆಲ್ಲ ತಪ್ಪದೆ ಹೊಸದು ಮಾಡಿಸಿ, ಮುದ್ರೆ ಬೀಳದ ಹಾಳೆಗಳ ಸಮೇತ ಟೇಬಲಿನ ಖಾನೆಯಲ್ಲಿ ಇಡುತ್ತಿದ್ದರು. ಅದೇಕೆಂದು ಕೇಳಿದರೆ, "ಕೊಡೆ ಇಟ್ಕೊಂಡವರೆಲ್ಲ ಮಳೆಗೆ ಹೋಗ್ತಾರಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಮ್ಮ ಕಟ್ಟಡದ ಲಿಫ್ಟು ನೋಡಿಕೊಳ್ಳುತ್ತಿದ್ದವನು ನನ್ನ ಸ್ವಂತ ತಮ್ಮ. ಲಿಫ್ಟ್ ರಿಪೇರಿ ಕೆಲಸದವನು, ಬಾಯಿಬಡಕ, ಕೈ ಮಾತ್ರ ಬಂಗಾರ. ತಿಂಗಳಿಗೊಮ್ಮೆ ಗ್ರೀಸ್ ಮೆತ್ತಿದ ಕೈಯಲ್ಲೇ ನಮ್ಮ ಆಫೀಸಿಗೆ ಬಂದು ಅಕ್ಕನನ್ನು ಕೆಣಕದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಅಕ್ಕಾ, ಈಗಷ್ಟೇ ಹೊಸ ಹಗ್ಗ ಹಾಕಿದ್ದೀನಿ. ಒಂದೇ ಒಂದ್ಸಲ ಬನ್ನಿ. ಮೂರು ಮಹಡಿ, ಇಪ್ಪತ್ತೆರಡು ಸೆಕೆಂಡು."

"ನಿನ್ನ ಮೇಲೆ ನಂಬಿಕೆ ಇದೆಯಪ್ಪ. ಆ ಬಾಗಿಲ ಮೇಲಿಲ್ಲ."

"ನೀವು ಹತ್ತೋ ತನಕ ನಾನು ಈ ಕೆಲಸ ಬಿಡಲ್ಲ, ನೋಡ್ತಿರಿ."

"ಒಳ್ಳೇದಾಯ್ತು. ನಿನಗೆ ಪೆನ್ಷನ್ ಗ್ಯಾರಂಟಿ."

ಅಂಥವನಿಗೆ ಮೂವತ್ತನಾಲ್ಕನೆಯ ವಯಸ್ಸಿಗೆ ರಕ್ತದ ಕ್ಯಾನ್ಸರ್ ಬಂತು. ಮೊದಮೊದಲು ಬರೀ ಸುಸ್ತು ಅಂದುಕೊಂಡಿದ್ದೆವು. ಆಮೇಲಿನ ಎಂಟು ತಿಂಗಳು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ. ಕೊನೆಗೆ ಡಾಕ್ಟರು ಹೇಳಿದ್ದು ಇಷ್ಟು: ಔಷಧಿ ಕೊಟ್ಟು ಇವನ ಮೂಳೆಯೊಳಗಿನ ಮಜ್ಜೆಯನ್ನು ಪೂರ್ತಿ ಸುಟ್ಟುಹಾಕಬೇಕು, ಹೊಂದಾಣಿಕೆಯಾಗುವ ಇನ್ನೊಬ್ಬರ ಮಜ್ಜೆಯ ಕಣಗಳನ್ನು ತಂದು ರಕ್ತಕ್ಕೆ ಬಿಡಬೇಕು. ನನ್ನದು ಹೊಂದಲಿಲ್ಲ. ಮನೆಯವರು ಯಾರದ್ದೂ ಹೊಂದಲಿಲ್ಲ. ಹೊಂದಿದ್ದು ಪ್ರಪಂಚದ ಇನ್ನೊಂದು ಮೂಲೆಯಲ್ಲಿರುವ, ನಮಗೆ ಗುರುತೇ ಇಲ್ಲದ ಯಾರೋ ಒಬ್ಬರದ್ದು. ಒಂಬತ್ತು ಸಾವಿರದ ನಾನೂರು ಕಿಲೋಮೀಟರು ದೂರ; ಅಕ್ಕನ ದಾರದಲ್ಲಿ ಹನ್ನೊಂದು ಗಂಟು. ನೇರ ವಿಮಾನ ಇರಲಿಲ್ಲ.

ಆ ಕಣಗಳನ್ನು ಪಾರ್ಸೆಲ್ ಹಾಕುವ ಹಾಗಿಲ್ಲ. ಒಬ್ಬ ಮನುಷ್ಯ ಹೋಗಿ, ಅಲ್ಲಿಯ ಆಸ್ಪತ್ರೆಯಲ್ಲಿ ತಣ್ಣನೆಯ ಪೆಟ್ಟಿಗೆಯೊಳಗಿಟ್ಟು ಮುಚ್ಚಿದ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಬರಬೇಕು. ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರದೊಳಗೆ ತೂರಿಸುವಂತಿಲ್ಲ, ಕಣ್ಣಳತೆಯಿಂದ ದೂರ ಇಡುವಂತಿಲ್ಲ. ಮುಚ್ಚಳ ಮುಚ್ಚಿದ ಮೇಲೆ ನಲವತ್ತೆಂಟು ಗಂಟೆಯೊಳಗೆ ಇಲ್ಲಿಗೆ ತಲುಪಬೇಕು ಎಂದು ನಮ್ಮ ಡಾಕ್ಟರು ಗಡುವು ಹಾಕಿದ್ದರು. ಇವನ ಮಜ್ಜೆ ಆಗಲೇ ಸುಟ್ಟಿರುತ್ತದಲ್ಲ. ಪೆಟ್ಟಿಗೆ ಬರದಿದ್ದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಈ ಕೆಲಸಕ್ಕೆಂದೇ ಆಸ್ಪತ್ರೆಯವರ ಬಳಿ ತರಬೇತಾದ ಸ್ವಯಂಸೇವಕರಿದ್ದರು. ಅವರಲ್ಲೊಬ್ಬ ನಿವೃತ್ತ ಮೇಷ್ಟ್ರು ಹೊರಡುವುದೆಂದು ಗೊತ್ತಾಯಿತು. ಟಿಕೆಟ್ ನಮ್ಮ ಏಜೆನ್ಸಿಯಿಂದಲೇ ಆಗಲಿ ಎಂದು ಕೇಳಿಕೊಂಡವಳು ನಾನು. ಮಾಡಿದ್ದು ಅಕ್ಕ.

ಎರಡು ದಾರಿಗಳಿದ್ದವು. ಹತ್ತಿರದ ದಾರಿಯಲ್ಲಿ ನಡುವೆ ವಿಮಾನ ಬದಲಿಸಲು ಒಂದು ಗಂಟೆ ಇಪ್ಪತ್ತೈದು ನಿಮಿಷ. ಅದು ತಪ್ಪಿದರೆ ಮುಂದಿನ ವಿಮಾನ ಮಾರನೆಯ ದಿನ ಅದೇ ಹೊತ್ತಿಗೆ. ಸುತ್ತು ದಾರಿ ಇನ್ನೊಂದು ನಿಲ್ದಾಣದ ಮೂಲಕ; ಅಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕಾಯಬೇಕು, ಒಟ್ಟು ಸುಮಾರು ಐದು ಗಂಟೆ ಜಾಸ್ತಿ. ಅಕ್ಕ ಪುಸ್ತಕ ತೆಗೆದರು. ಹತ್ತಿರದ ದಾರಿಯಲ್ಲಿ ಹೋದ ಇಪ್ಪತ್ತಮೂರು ಜನ ಅದರಲ್ಲಿದ್ದರು. ಬೀಗ, ನೀರಿನ ಲೆಕ್ಕ ನೋಡಿದರೆ ಆ ನಿಲ್ದಾಣದಲ್ಲಿ ಯಾರಿಗೂ ಮುಂದಿನ ವಿಮಾನ ತಪ್ಪಿರಲಿಲ್ಲ. "ಧಾರಾಳವಾಗಿ ಸಾಕು" ಎಂದು ಟಿಕೆಟ್ ಮಾಡಿದರು. ನಾನು ನಿಶ್ಚಿಂತೆಯಿಂದ ಮನೆಗೆ ಹೋದೆ, ಅಕ್ಕನ ಪುಸ್ತಕ ಸುಳ್ಳಾದದ್ದನ್ನು ನಾನು ನೋಡಿಯೇ ಇರಲಿಲ್ಲ.

ಅದಾಗಿ ಎರಡು ದಿನಕ್ಕೆ, ಮದುವೆ ಫೋಟೋ ತೆಗೆಯುವವರೊಬ್ಬರು ಅದೇ ದೂರದ ಊರಿನಿಂದ ಬಂದರು. ಅಕ್ಕ ಎಂದಿನಂತೆ ಬೀಗ ಕೇಳಿದರು, ನೀರು ಕೇಳಿದರು, ಬರೆದುಕೊಂಡರು. ಅವರು ಏಳುತ್ತ, "ಹೋಗೋದೇನೋ ಸರಿ ಅಕ್ಕಾ, ಬರೋವಾಗ ಜೀವ ತಿಂದುಬಿಟ್ರು. ವಿಮಾನ ಬದಲಾಯಿಸೋ ಕಡೆ ಗೇಟಿನ ಹತ್ರ ಮತ್ತೊಂದು ಸಲ ತಪಾಸಣೆ. ಒಂದೊಂದು ಲೆನ್ಸೂ ಬಿಚ್ಚಿಸಿದ್ರು. ಒಂದೂಕಾಲು ಗಂಟೆ!" ಅಂದರು.

ಅಕ್ಕನ ಪೆನ್ನು ನಿಂತಿತು.

"ಹೋಗುವಾಗ ಇರಲಿಲ್ವಾ ಅದು?"

"ಇಲ್ಲ. ಈ ಕಡೆ ಬರೋ ವಿಮಾನಕ್ಕೆ ಮಾತ್ರ ಅಂತೆ. ಮೊದಲಿಂದಲೂ ಹಾಗೇ ಅಂದ್ರಲ್ಲ ಅಲ್ಲಿ."

ಅವರು ಹೋದ ಮೇಲೆ ಅಕ್ಕ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಏನಾಯಿತೆಂದು ನಾನು ಹತ್ತಿರ ಹೋದೆ.

"ನಾನೆಂಥಾ ಪೆದ್ದಿ ನೋಡು" ಅಂದರು. "ಮನೆಗೆ ಬೀಗ ಹಾಕೋದು ಹೋಗುವಾಗ. ನಾನು ಕೇಳಿದ್ದೂ ಅದನ್ನೇ. ಮೂವತ್ತೊಂದು ವರ್ಷದಲ್ಲಿ ಒಬ್ಬರನ್ನೂ ಬರೋದು ಹೇಗಾಯ್ತು ಅಂತ ಕೇಳಿಲ್ಲ. ಈ ಪುಸ್ತಕದ ತುಂಬ ಬರೀ ಹೋಗೋದೇ ಇದೆ. ನಿನ್ನ ತಮ್ಮನ ಪೆಟ್ಟಿಗೆ ಬರಬೇಕಾದದ್ದು!"

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಅಕ್ಕನ ಮೇಲೆ ನನಗೆ ಸಿಟ್ಟೂ ಬಂತು. ಆದರೆ ಸಿಟ್ಟು ಮಾಡಿಕೊಂಡು ಕೂರಲು ಅವರು ಬಿಡಬೇಕಲ್ಲ! ಇಪ್ಪತ್ತಮೂರು ಜನರ ನಂಬರುಗಳನ್ನು ಎರಡು ಚೀಟಿಯಲ್ಲಿ ಬರೆದು ಒಂದನ್ನು ನನ್ನ ಕೈಗೆ ತುರುಕಿದರು. ಅವತ್ತು ಮಧ್ಯಾಹ್ನ ಊಟ ಬಿಟ್ಟು ಇಬ್ಬರೂ ಫೋನಿಗೆ ಜೋತುಬಿದ್ದೆವು. ಸಿಕ್ಕಿದವರು ಹತ್ತೊಂಬತ್ತು ಜನ. ಹಲ್ಲಿನ ಡಾಕ್ಟರೊಬ್ಬರು ಮಾದರಿ ದವಡೆಗಳ ಪೆಟ್ಟಿಗೆ ತಂದಿದ್ದಕ್ಕೆ ಒಂದು ಗಂಟೆ ನಲವತ್ತು ನಿಮಿಷ ನಿಲ್ಲಿಸಿದ್ದರಂತೆ. ಕೈಬೀಸಿಕೊಂಡು ಬಂದವರಿಗೆ ಅರ್ಧ ಗಂಟೆ. ಪೆಟ್ಟಿಗೆ ಇದ್ದವರಲ್ಲಿ ಒಬ್ಬರೂ ಒಂದು ಗಂಟೆಯ ಒಳಗೆ ದಾಟಿರಲಿಲ್ಲ.

ಸಂಜೆ ನಾಲ್ಕಕ್ಕೆ ಅಕ್ಕ ಆಸ್ಪತ್ರೆಗೆ ಹೊರಟರು, ನಾನೂ ಹಿಂದೆ ಓಡಿದೆ. ಈ ಏರ್ಪಾಡನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೇಡಮ್ಮು ಚಿಕ್ಕ ವಯಸ್ಸಿನವರು, ಚುರುಕು. ಅವರ ಎದುರು ಕೂತು ಅಕ್ಕ ಪೀಠಿಕೆಯಿಲ್ಲದೆ ಹೇಳಿದರು: "ಟಿಕೆಟ್ ನಾನು ತಪ್ಪಾಗಿ ಮಾಡಿದ್ದೀನಿ. ಬದಲಾಯಿಸ್ಬೇಕು. ತಪ್ಪು ನನ್ನದು, ಈ ಹುಡುಗೀದಲ್ಲ."

ಮೇಡಮ್ಮಿಗೆ ಐದು ಗಂಟೆ ಹೆಚ್ಚಿಗೆ ಕೊಡುವುದು ಇಷ್ಟವಿರಲಿಲ್ಲ. "ಒಂದೊಂದು ಗಂಟೆಗೂ ಒಂದಿಷ್ಟು ಕಣ ಸಾಯ್ತಾವೆ, ಗೊತ್ತಾ ನಿಮಗೆ?" ಎಂದು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಅದರಲ್ಲಿ ದೂರ, ಸಮಯ ಎಲ್ಲ ಚೆಂದವಾಗಿಯೇ ಇತ್ತು.

"ಗೊತ್ತಿರಲಿಲ್ಲ, ಈಗ ಗೊತ್ತಾಯ್ತು" ಎಂದರು ಅಕ್ಕ. "ನನಗೆ ಗೊತ್ತಿರೋದು ನಾನು ಹೇಳ್ತೀನಿ. ಹತ್ತಿರದ ದಾರೀಲಿ ಎಲ್ಲ ಸರಿಯಾದ್ರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹತ್ತೊಂಬತ್ತೂವರೆ ಗಂಟೆ. ಆ ಗೇಟಿನಲ್ಲಿ ತಡ ಆಯ್ತೋ, ನಲವತ್ತಮೂರೂವರೆ. ನಿಮ್ಮ ಗಡುವು ನಲವತ್ತೆಂಟು. ಸುತ್ತು ದಾರೀಲಿ ಇಪ್ಪತ್ತನಾಲ್ಕೂವರೆ ಗಂಟೆ, ತಡ ಆಗೋದಕ್ಕೆ ಜಾಗ ಇಟ್ಕೊಂಡೇ. ಆ ದಾರೀಲಿ ಬಂದ ಹನ್ನೊಂದು ಜನರನ್ನೂ ಇವತ್ತು ಕೇಳಿದ್ದೀನಿ, ಯಾರಿಗೂ ತಡ ಆಗಿಲ್ಲ. ಹತ್ತೊಂಬತ್ತೂವರೆ ನೋಡಲಿಕ್ಕೆ ಚೆನ್ನಾಗಿದೆ ಮೇಡಂ. ಆದ್ರೆ ಅದು ಎಲ್ಲ ಸರಿಯಾದ್ರೆ."

ಮೇಡಮ್ಮು ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಎರಡು ನಿಮಿಷ ಕೇಳಿಸಿಕೊಂಡು ಸುತ್ತು ದಾರಿಗೆ ಒಪ್ಪಿದರು. ಟಿಕೆಟ್ ಬದಲಾಯಿತು. ತಪ್ಪು ಮಾಡದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅಂದರೆ ಹಾಗೆಂದು ಹೇಳಿಕೊಳ್ಳುವವರನ್ನು. ಮಾಡಿದ ತಪ್ಪನ್ನು ಸಂಜೆಯೊಳಗೆ ಹೊತ್ತುಕೊಂಡು ಹೋಗಿ ಟೇಬಲಿನ ಮೇಲಿಟ್ಟವರನ್ನು ನೋಡಿದ್ದು ಅದೇ ಮೊದಲು.

ತಮ್ಮನಿಗೆ ಔಷಧಿ ಶುರುವಾಯಿತು. ಗಾಜಿನ ಕೋಣೆಯೊಳಗೆ ಅವನು, ಹೊರಗೆ ನಾವು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿನಲ್ಲಿದ್ದಾಗ ಮೇಡಮ್ಮಿನ ಫೋನ್ ಬಂತು. ಹೊರಡಬೇಕಿದ್ದ ಮೇಷ್ಟ್ರಿಗೆ ವಿಪರೀತ ಜ್ವರ. ಇನ್ನಿಬ್ಬರು ಸ್ವಯಂಸೇವಕರು ಆಗಲೇ ಬೇರೆ ದೇಶಗಳಲ್ಲಿದ್ದಾರೆ. ನಾಳೆ ಮಧ್ಯಾಹ್ನದ ವಿಮಾನಕ್ಕೆ ಯಾರಾದರೂ ಹತ್ತಲೇಬೇಕು. ನಾನೇ ಹೋಗುತ್ತೇನೆ ಎಂದೆ. ರೋಗಿಯ ರಕ್ತಸಂಬಂಧಿಗಳನ್ನು ಕಳಿಸುವಂತಿಲ್ಲ, ದಾರಿಯಲ್ಲಿ ಧೈರ್ಯಗೆಟ್ಟರೆ ಕಷ್ಟ ಎಂದರು. ಆರೋಗ್ಯವಾಗಿರುವ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ, ಕೈಯಲ್ಲಿ ಪಾಸ್‌ಪೋರ್ಟ್ ಇರುವ ಯಾರಾದರೂ ಇದ್ದರೆ ಅರ್ಧ ದಿನದಲ್ಲಿ ಕಲಿಸಿಬಿಡುತ್ತೇವೆ, ಆ ದೇಶಕ್ಕೆ ವೀಸಾ ಏನೂ ಬೇಡ ಎಂದರು.

ನಾನು ಫೋನ್ ಇಟ್ಟು ವಿಷಯ ಹೇಳಿ ತಲೆ ಹಿಡಿದುಕೊಂಡು ಕೂತೆ. ಪಕ್ಕದಲ್ಲಿ ಖಾನೆ ಎಳೆದ ಸದ್ದಾಯಿತು. ಅಕ್ಕ ತಮ್ಮ ಪಾಸ್‌ಪೋರ್ಟ್ ತೆಗೆದು ಟೇಬಲಿನ ಮೇಲಿಟ್ಟಿದ್ದರು.

"ಮಳೆ ಬಂತು ಅನಿಸುತ್ತೆ" ಅಂದರು.

"ಅಕ್ಕಾ, ಬಾಗಿಲು ಮುಚ್ತಾರೆ."

"ನನಗೆ ಹೇಳ್ತೀಯಾ? ಮೂವತ್ತೊಂದು ವರ್ಷದಿಂದ ಅದೇ ಬಾಗಿಲಿಗೆ ಟಿಕೆಟ್ ಮಾಡ್ತಿದ್ದೀನಿ."

ಧ್ವನಿ ಗಟ್ಟಿಯಾಗಿಯೇ ಇತ್ತು. ಆದರೆ ನೀರಿನ ಬಾಟಲಿಯ ಮುಚ್ಚಳ ತೆರೆಯಲು ಅವರಿಗೆ ಮೂರು ಸಲ ಬೇಕಾಯಿತು. ನಾನು ನೋಡಿದರೂ ನೋಡದ ಹಾಗಿದ್ದೆ.

ಭಾವನನ್ನು ಒಪ್ಪಿಸುವುದು ಹೇಗಪ್ಪಾ ಎಂದುಕೊಂಡು ನಾನೂ ಅವರ ಅಂಗಡಿಗೆ ಹೋದೆ. ಭಾವ ವಿಷಯ ಕೇಳಿ ಅಳತೆಯ ಟೇಪು ಕೈಗೆತ್ತಿಕೊಂಡರು. "ಪೆಟ್ಟಿಗೆ ಎಷ್ಟು ಅಗಲ?" ಎಂದಷ್ಟೇ ಕೇಳಿದರು. ಮಾರನೆಯ ದಿನ ಬೆಳಿಗ್ಗೆಯೊಳಗೆ ಕ್ಯಾನ್ವಾಸ್ ಬಟ್ಟೆಯ ಅಗಲವಾದ ಪಟ್ಟಿಯೊಂದನ್ನು ಹೊಲಿದಿದ್ದರು. ಪೆಟ್ಟಿಗೆಯ ಹಿಡಿಗೆ ಹಾಕಿ ಸೊಂಟಕ್ಕೆ ಬಿಗಿದರೆ ಅಕ್ಕನನ್ನು ಸೇರಿಸಿ ಎಳೆಯದೆ ಪೆಟ್ಟಿಗೆಯನ್ನು ಯಾರೂ ಎಳೆಯುವ ಹಾಗಿರಲಿಲ್ಲ. ಆಸ್ಪತ್ರೆಯ ಪತ್ರಗಳಿಗೆಂದು ಒಳಗಡೆ ಒಂದು ಜೇಬೂ ಇತ್ತು. ಕೊನೆಯಲ್ಲಿ ಭೂಗೋಳದ ಆ ಗಂಟಿನ ದಾರವನ್ನು ಜೇಬಿಗೆ ಹಾಕಿ, "ಒಂದೊಂದು ಗಂಟೆಗೆ ಒಂದೊಂದು ಗಂಟು ದಾಟಿಸ್ತಾ ಕೂರು. ಗಂಟು ಮುಗಿದ್ರೆ ಬಾಗಿಲು ತೆಗೀತಾರೆ" ಅಂದರು. ಭಾವನ ಬಾಯಲ್ಲಿ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಅಲ್ಲಿಂದ ನನಗೆ ಸಂದೇಶ ಬಂತು: "ಬಂದೆ. ನೀರು ಕುಡಿದೆ. ಬೀಗದಿಂದ ಇಪ್ಪತ್ತೊಂಬತ್ತು ಗಂಟೆ ಐದು ನಿಮಿಷ. ವಿಮಾನ ಏನೂ ಚೆನ್ನಾಗಿಲ್ಲ." ನಾನು ಅಳುತ್ತ ನಕ್ಕೆ. ಗಾಜಿನ ಆಚೆಯಿದ್ದ ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ತಲೆಯಲ್ಲಿ ಒಂದು ಕೂದಲಿಲ್ಲ, ಬಾಯೆಲ್ಲ ಹುಣ್ಣು. ಆದರೂ ಕಷ್ಟಪಟ್ಟು, "ವಿಮಾನ ಹತ್ತಿದ್ರಾ? ನನ್ನ ಲಿಫ್ಟಿಗೆ ಮಾತ್ರ ಇಲ್ವಾ?" ಅಂದ.

ಆಮೇಲಿನದೆಲ್ಲ ನನಗೆ ತಿಳಿದದ್ದು ಚೂರು ಚೂರಾಗಿ. ಪೆಟ್ಟಿಗೆಯ ಮುಚ್ಚಳ ಬಿದ್ದು ಬೀಗವಾದದ್ದು ಅಲ್ಲಿಯ ಬೆಳಿಗ್ಗೆ ಹತ್ತು ಐವತ್ತಕ್ಕೆ, ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕು ಇಪ್ಪತ್ತು. ಮೊದಲನೆಯ ವಿಮಾನ ಸರಿಯಾಗಿ ಹೊರಟಿತು. ಸುತ್ತು ದಾರಿಯಲ್ಲಿ ವಿಮಾನ ಬದಲಿಸುವ ಕಡೆ, ಅಕ್ಕ ಕೇಳಿದ್ದ ಹನ್ನೊಂದು ಜನರೂ ಸಲೀಸಾಗಿ ದಾಟಿದ್ದ ಜಾಗದಲ್ಲಿ, ಯಂತ್ರದ ಮುಂದಿದ್ದವನು ಪೆಟ್ಟಿಗೆ ಒಳಗೆ ಹಾಕು ಎಂದ. ಅಕ್ಕ ಪತ್ರ ತೋರಿಸಿದರು. ಅವನಿಗೆ ಓದುವ ವ್ಯವಧಾನವಿಲ್ಲ. ಮೇಲಿನ ಅಧಿಕಾರಿ ಬರಲಿ ಎಂದ. ಆ ಅಧಿಕಾರಿಯ ಪಾಳಿ ಮುಗಿದಿತ್ತು, ಮುಂದಿನವರು ಬಂದಿರಲಿಲ್ಲ. ಪೆಟ್ಟಿಗೆಯನ್ನು ಹೊಟ್ಟೆಗೆ ಅವಚಿಕೊಂಡು ಅಕ್ಕ ನಿಂತೇ ಇದ್ದರು. ಕೂರಲು ಹೇಳಿದರೆ ಕೂರಲಿಲ್ಲ, ಪಕ್ಕಕ್ಕೆ ಸರಿ ಅಂದರೆ ಸರಿಯಲಿಲ್ಲ. ಅವರಿಗೆ ಬರುತ್ತಿದ್ದದ್ದು ಟಿಕೆಟಿನ ಇಂಗ್ಲಿಷು. ಅದರಲ್ಲೇ ಒಂದೇ ಮಾತನ್ನು ಹತ್ತು ಸಲ ಹೇಳಿದರಂತೆ: "ಇದು ಸಾಮಾನಲ್ಲ. ಇದು ಪ್ರಯಾಣಿಕ." ಕೊನೆಗೆ ಹೊಸ ಅಧಿಕಾರಿ ಬಂದು, ಪತ್ರ ಓದಿ, ಕೈಯಿಂದಲೇ ಪರೀಕ್ಷೆ ಮಾಡಿ ಬಿಟ್ಟರು. ಅಷ್ಟರಲ್ಲಿ ಒಂದು ಗಂಟೆ ಐವತ್ತು ನಿಮಿಷ ಕಳೆದಿತ್ತು. ಹತ್ತಿರದ ದಾರಿಯಾಗಿದ್ದರೆ ವಿಮಾನ ಆಗಲೇ ಕೈತಪ್ಪಿ ಹೋಗಿರುತ್ತಿತ್ತು. ಅಕ್ಕನಿಗೆ ಇನ್ನೂ ಎರಡು ಗಂಟೆ ಇತ್ತು.

ಇತ್ತ ಆಸ್ಪತ್ರೆಯ ಆರನೆಯ ಮಹಡಿಯಲ್ಲಿ ನಾವು ಲಿಫ್ಟಿನ ಎದುರು ನಿಂತಿದ್ದೆವು. ನಾನು, ತಮ್ಮನ ಹೆಂಡತಿ, ಮೇಡಮ್ಮು, ಪೆಟ್ಟಿಗೆ ತೆಗೆದುಕೊಳ್ಳಲು ಲ್ಯಾಬಿನಿಂದ ಬಂದಿದ್ದ ಒಬ್ಬರು. ಟ್ಯಾಕ್ಸಿ ಗೇಟಿಗೆ ಬಂತೆಂದು ಕೆಳಗಿನಿಂದ ಫೋನ್ ಬಂತು. ಲಿಫ್ಟಿನ ನೆತ್ತಿಯ ಮೇಲಿನ ಅಂಕಿ ಒಂದು, ಎರಡು, ಮೂರು ಎಂದು ಏರಿತು. ನಾಲ್ವರೂ ಅದನ್ನೇ ನೋಡುತ್ತಿದ್ದೆವು. ಬಾಗಿಲು ತೆರೆಯಿತು. ಒಳಗೆ ನೆಲ ಒರೆಸುವ ಬಕೀಟಿನ ಗಾಡಿ, ಅದರ ಹಿಂದೆ ಅದನ್ನು ತಳ್ಳುವ ಹೆಂಗಸು. ಇನ್ಯಾರೂ ಇರಲಿಲ್ಲ. ತಮ್ಮನ ಹೆಂಡತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಚರ್ಮಕ್ಕೆ ಒತ್ತಿತು. ಲಿಫ್ಟು ಇನ್ನೊಂದು ಸಲ ಇಳಿದು ಬಂತು, ಆಗಲೂ ಇಲ್ಲ.

ಅಷ್ಟರಲ್ಲಿ ಹಿಂದುಗಡೆ, ಕಾರಿಡಾರಿನ ತುದಿಯ ಮೆಟ್ಟಿಲಿನ ಬಾಗಿಲು ಧಡಾರನೆ ತೆರೆಯಿತು. ಅಕ್ಕ! ತಲೆ ಕೆದರಿದೆ, ಮುಖ ಬೆವರಿನಲ್ಲಿ ತೊಯ್ದಿದೆ, ಸೊಂಟದಲ್ಲಿ ಭಾವನ ಪಟ್ಟಿ, 'ಐದು ಡಿಗ್ರಿ' ಎಂದು ತೋರಿಸುತ್ತಿರುವ ಪೆಟ್ಟಿಗೆ ಎರಡು ಕೈಯಲ್ಲಿ.

"ಅಕ್ಕಾ! ಲಿಫ್ಟ್ ಇತ್ತಲ್ಲಾ!" ಎಂದು ನಾನು ಕಿರುಚಿಯೇಬಿಟ್ಟೆ.

ಅವರು ಪಟ್ಟಿ ಬಿಚ್ಚಿ ಪೆಟ್ಟಿಗೆಯನ್ನು ಲ್ಯಾಬಿನವರ ಕೈಗೆ ಕೊಟ್ಟು, ಅವರು ಸಹಿ ಹಾಕುವವರೆಗೂ ಪೆಟ್ಟಿಗೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಗೋಡೆಗೆ ಒರಗಿ ಏದುಸಿರು ಬಿಡುತ್ತ ಅಂದರು, "ಇಷ್ಟು ಗಂಟೆ ಮುಚ್ಚಿದ ಬಾಗಿಲಲ್ಲಿ ಕೂತಿದ್ದೀನಿ. ಅದರ ಮೇಲೆ ಇದೂ ಬೇಕಾ? ಮೆಟ್ಟಿಲಿಗೆ ನಾಲ್ಕು ನಿಮಿಷ ಹೆಚ್ಚು. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೆ."

ಇಪ್ಪತ್ತೈದು ಗಂಟೆ ಹತ್ತು ನಿಮಿಷ. ಅವತ್ತೇ ಸಂಜೆ ಏಳೂವರೆಗೆ ಆ ಕಣಗಳು ತಮ್ಮನ ರಕ್ತ ಸೇರಿದವು.

ವಾರದ ನಂತರ ಆಫೀಸಿನಲ್ಲಿ ಅಕ್ಕ ಪುಸ್ತಕ ತೆರೆದರು. ಹಳೆಯ ಹಾಳೆಯ ತಲೆಗೆ ಈಗ 'ಹೋಗುವುದು' ಎಂದು ಬರೆದಿದ್ದರು, ಎದುರಿನ ಹಾಳೆಗೆ ಹೊಸದಾಗಿ 'ಬರುವುದು' ಎಂದಿತ್ತು. ಅದರ ಮೊದಲನೆಯ ಸಾಲು ಅಕ್ಕನದ್ದೇ. ಬೀಗದ ಅಂಕಣದಲ್ಲಿ ಪೆಟ್ಟಿಗೆಯ ಮುಚ್ಚಳ ಬಿದ್ದ ಹೊತ್ತು ಬರೆದರು. ನೀರಿನ ಅಂಕಣಕ್ಕೆ ಬಂದವರು ಪೆನ್ನು ಎತ್ತಿ ಹಿಡಿದರು.

"ಏನಾಯ್ತಕ್ಕಾ?"

"ನೀರು ಕುಡಿದೆನಾ ನಾನು?"

"ಕುಡಿದ್ರಲ್ಲ, ನರ್ಸು ತಂದುಕೊಟ್ರು. ಎರಡು ಲೋಟ."

"ಎಷ್ಟು ಗಂಟೆಗೆ?"

ನನಗೂ ಗೊತ್ತಿರಲಿಲ್ಲ. ಇಂಥ ಅವಕಾಶ ಮತ್ತೆ ಬರುತ್ತದೆಯೇ? "ಅದೇನು ಜನಾನೋ! ಅಷ್ಟು ದೂರ ಹೋಗಿ ಬಂದು ನೀರು ಕುಡಿದದ್ದು ನೆನಪಿಲ್ವಂತೆ" ಎಂದು ಅವರದ್ದೇ ರಾಗದಲ್ಲಿ ಹೇಳಿದೆ. ಆಫೀಸಿಗೆ ಆಫೀಸೇ ನಕ್ಕಿತು. ಪೆಟ್ಟಿಗೆ ತಲುಪಿದ್ದು ಐದೂವರೆಗೆಂದು ಆಸ್ಪತ್ರೆಯ ಕಾಗದದಲ್ಲೇ ಇದೆ, ಅದನ್ನೇ ಬರೆಯಿರಿ ಎಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಅದು ಕೈ ಬದಲಾದ ಹೊತ್ತು. ನೀರಿನದ್ದಲ್ಲ" ಎಂದು ಅಂಕಣ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು.

ತಮ್ಮನ ದಿನಗಳು ಸುಲಭವಾಗಿರಲಿಲ್ಲ. ಜ್ವರ ಬಂತು, ಹೋಯಿತು, ಮತ್ತೆ ಬಂತು. ಆಸ್ಪತ್ರೆಯಿಂದ ಬಿಟ್ಟ ಮೇಲೂ ಪಕ್ಕದ ಬೀದಿಯ ಬಾಡಿಗೆ ಕೋಣೆಯಲ್ಲೇ ಇರಬೇಕಾಯಿತು, ಯಾವಾಗ ಏನಾಗುತ್ತದೋ ಎಂದು. ಕೊನೆಗೆ ರಕ್ತದ ವರದಿ ನೋಡಿ ಡಾಕ್ಟರು, ಇನ್ನು ಮನೆಗೆ ಹೋಗಬಹುದು ಎಂದರು. ಅವನು ಮನೆಯ ಹೊಸ್ತಿಲು ದಾಟಿದಾಗ ಹೊರಗೆ ಬಿಸಿಲಿತ್ತು. ಅಕ್ಕನೂ ಭಾವನೂ ಆಗಲೇ ಬಂದು ಕೂತಿದ್ದರು. ಅವನು ಅಡುಗೆಮನೆಗೆ ತಾನೇ ನಡೆದು ಹೋಗಿ, ಕುದಿಸಿ ಆರಿಸಿಟ್ಟ ನೀರನ್ನು ತನ್ನ ಹಳೆಯ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಗೋಡೆ ಹಿಡಿದು ನಿಂತು ಗಟಗಟನೆ ಕುಡಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅವನನ್ನು ನೋಡುತ್ತಿದ್ದೆ. ಅಕ್ಕ ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಮಾರನೆಯ ದಿನ ಅವರು ಊಟಕ್ಕೆ ಎದ್ದು ಹೋದಾಗ ನಾನು ಆ ಪುಸ್ತಕ ತೆರೆದು ನೋಡಿದೆ. ಖಾಲಿ ಬಿಟ್ಟಿದ್ದ ನೀರಿನ ಅಂಕಣದಲ್ಲಿ ಹನ್ನೊಂದು ಐವತ್ತು ಎಂದು ಬರೆದು ದಿನಾಂಕ ಹಾಕಿದ್ದರು. ಪ್ರಯಾಣಿಕರ ಅಂಕಣದಲ್ಲಿದ್ದ ತಮ್ಮದೇ ಹೆಸರನ್ನು ಒಂದು ಗೆರೆಯಿಂದ ಹೊಡೆದು ನನ್ನ ತಮ್ಮನ ಹೆಸರು ಬರೆದಿದ್ದರು. ಸಾಲಿನ ಕೊನೆಯಲ್ಲಿ, ಎರಡು ಊರಿನ ಗಡಿಯಾರಗಳ ವ್ಯತ್ಯಾಸ ಸರಿಪಡಿಸಿ, ಮೊತ್ತ ಹಾಕಿದ್ದರು. ಸುತ್ತು ದಾರಿಯ ದೂರ ಹನ್ನೊಂದು ಸಾವಿರದ ಆರುನೂರು ಕಿಲೋಮೀಟರು. ಬೀಗದಿಂದ ನೀರಿನವರೆಗೆ ತೊಂಬತ್ತಾರು ದಿನ, ಹತ್ತೊಂಬತ್ತೂವರೆ ಗಂಟೆ.